ಶೇಷತ್ತೆಯನ್ನು ಬೆಳಕಿಗೆ ಹಿಡಿದದ್ದು

ನಿನ್ನೆ ನಾನು ವಧುವಿನ ಕೋಣೆಗೆ ಹೋಗಿದ್ದೆ. ಎಂಬತ್ತೆರಡನೆಯ ವಯಸ್ಸಿನಲ್ಲಿ ಇದೆಂಥ ಯೋಗ ಎಂದು ಗಾಬರಿಯಾಗಬೇಡಿ. ಸಾಗರದ ಕಲ್ಯಾಣಮಂಟಪವೊಂದರಲ್ಲಿ ಹೆಂಗಸರಿಗೆ ಸ್ತನದ ಕ್ಯಾನ್ಸರ್ ತಪಾಸಣೆಯ ಶಿಬಿರ ಇಟ್ಟಿದ್ದರು. ಪರೀಕ್ಷೆಗೆ ಕತ್ತಲು ಬೇಕಂತೆ. ಕಿಟಕಿ ಚಿಕ್ಕದಿದ್ದ ಕೋಣೆ ಅದೊಂದೇ ಆದ್ದರಿಂದ ‘ವಧುವಿನ ಕೋಣೆ’ ಎಂಬ ಹಲಗೆಯ ಕೆಳಗೇ ಕಪ್ಪು ಪರದೆ ಇಳಿಬಿಟ್ಟಿದ್ದರು. ಪಕ್ಕದ ವರನ ಕೋಣೆಯಲ್ಲಿ ಡಾಕ್ಟರಮ್ಮ ಕೂತಿದ್ದರು. ಪರದೆಯ ಮುಂದೆ ಸರದಿಯಲ್ಲಿ ಕೂತ ನಾವು ಇಪ್ಪತ್ತು ಮೂವತ್ತು ವಧುಗಳು ಒಬ್ಬರ ಮುಖ ಒಬ್ಬರು ನೋಡದಂತೆ ಗೋಡೆಯ ಮೇಲಿನ ಗಣಪತಿಯನ್ನು ನೋಡುತ್ತಿದ್ದೆವು.

ನನ್ನನ್ನು ಕರೆದುಕೊಂಡು ಬಂದವಳು ಸುಧಾ, ನನ್ನ ಸೋದರತ್ತೆಯ ಮೊಮ್ಮಗಳು. ನಲವತ್ತೇಳು ವರ್ಷದ, ಬಾಯಿ ಜೋರಿನ, ಒಳ್ಳೆಯ ಹೆಂಗಸು. ಬಂದದ್ದು ಬಂದಿದ್ದೀಯ, ನೀನೂ ತೋರಿಸಿಕೋ ಎಂದೆ. “ನಂಗೆಂತದೂ ಇಲ್ಲ ಟೀಚರತ್ತೆ, ನೀವು ಹೋಗಿ ಬನ್ನಿ” ಎಂದು ಹೊರಗೇ ಕೂತಳು.

ಒಳಗೆ ಶಿವಮೊಗ್ಗದಿಂದ ಬಂದ ಹುಡುಗಿಯೊಬ್ಬಳು, ಕೈಯಲ್ಲಿ ಇಸ್ತ್ರಿಪೆಟ್ಟಿಗೆಗಿಂತ ಸಣ್ಣದಾದ ಒಂದು ಯಂತ್ರ. “ಸೂಜಿ ಇಲ್ಲ, ಒತ್ತೋದಿಲ್ಲ, ಹೆದರ್ಕೋಬೇಡಿ ಅಜ್ಜಿ. ಬರೀ ಬೆಳಕು” ಎಂದಳು. ದೀಪ ಆರಿಸಿದಳು. ಯಂತ್ರದ ಗುಂಡಿ ಒತ್ತಿದಳು. ಟಕ್.

ಆ ಸದ್ದಿಗೆ ನಾನು ಬೆಚ್ಚಿದ ರಭಸಕ್ಕೆ ಸ್ಟೂಲು ಒಂದಡಿ ಹಿಂದೆ ಹೋಯಿತು. ಹುಡುಗಿ ಪಾಪ, “ತಣ್ಣಗಾಯ್ತಾ ಅಜ್ಜಿ?” ಎಂದು ಕೇಳಿದಳು. ತಣ್ಣಗಾಗಿತ್ತು, ಆದರೆ ಯಂತ್ರದಿಂದಲ್ಲ. ನನ್ನದೇ ಹಳೆಯ ಮೈಯ ಒಂದು ಭಾಗ ಕೆಂಪಗೆ ಬೆಳಗುವುದನ್ನು ನೋಡುತ್ತಾ ನಾನು ಅರವತ್ತು ವರ್ಷದ ಹಿಂದೆ, ಹೊಸನಗರದ ಒಂದು ಮನೆಯ ಉಗ್ರಾಣದಲ್ಲಿ, ಉಪ್ಪಿನಕಾಯಿ ಜಾಡಿಗಳ ನಡುವೆ, ಕೈಯಲ್ಲಿ ಬ್ಯಾಟ್ರಿ ಹಿಡಿದು ನಿಂತಿದ್ದೆ. ಟಾರ್ಚಿಗೆ ನಮ್ಮಲ್ಲಿ ಬ್ಯಾಟ್ರಿ ಎಂದೇ ಹೆಸರು. ಆ ಬ್ಯಾಟ್ರಿಯ ಗುಂಡಿಯ ಗುರುತು ನನ್ನ ಬಲಗೈ ಹೆಬ್ಬೆರಳಿನಲ್ಲಿ ಇನ್ನೂ ಇದೆ ಎಂದರೆ ನೀವು ನಂಬಲಿಕ್ಕಿಲ್ಲ. ನಿಮಗೆ ಕಾಣುವುದಿಲ್ಲ ಬಿಡಿ. ನನಗೆ ಕಾಣುತ್ತದೆ.

ಅರವತ್ತರ ದಶಕದ ನಡುವಿನ ಮಾತು. ನಾನು ಶಿವಮೊಗ್ಗದ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿ ಹೊಸನಗರದ ಹೈಸ್ಕೂಲಿಗೆ ವಿಜ್ಞಾನದ ಮೇಡಂ ಆಗಿ ಬಂದಿದ್ದೆ. ನನ್ನ ಅಪ್ಪ ಅಮ್ಮ ಇದ್ದದ್ದು ತೀರ್ಥಹಳ್ಳಿಯ ಹತ್ತಿರ, ಮೇಳಿಗೆ ಕಡೆ. ಹೊಸನಗರದಲ್ಲಿ ಅಪ್ಪನ ತಂಗಿ ಶೇಷತ್ತೆಯ ಮನೆಯಿತ್ತಾದ್ದರಿಂದ ನನಗೆ ಬಾಡಿಗೆ ಕೋಣೆ ಹುಡುಕುವ ಮಾತೇ ಏಳಲಿಲ್ಲ. ಅತ್ತೆಯ ಮಕ್ಕಳು ಹೊರಗೂರಿನಲ್ಲಿದ್ದರು, ಮನೆಯಲ್ಲಿ ಅತ್ತೆ, ಮಾವ ಇಬ್ಬರೇ. ನಮ್ಮ ಗೌಡರ ಮನೆಗಳಲ್ಲಿ ಬಿಎಸ್ಸಿ ಮಾಡಿದ ಹುಡುಗಿ ಅಂದರೆ ಆಗ ಎರಡು ತಲೆಯ ಕರುವಿದ್ದ ಹಾಗೆ. ನೆಂಟರು ಬಂದರೆ ನನ್ನನ್ನು ಕರೆದು ತೋರಿಸುತ್ತಿದ್ದರು. ನಾನೂ ತೋರಿಸಿಕೊಳ್ಳುತ್ತಿದ್ದೆ. ಮಳೆಬಿಲ್ಲು ಹೇಗಾಗುತ್ತದೆ, ಹಾಲು ಯಾಕೆ ಉಕ್ಕುತ್ತದೆ, ಯಾರು ಕೇಳಲಿ ಬಿಡಲಿ, ಉತ್ತರ ಸಿದ್ಧ. ‘ಗೊತ್ತಿಲ್ಲ’ ಎಂದರೆ ವಿಶ್ವವಿದ್ಯಾನಿಲಯದವರು ಬಂದು ಡಿಗ್ರಿ ವಾಪಸು ತೆಗೆದುಕೊಂಡು ಹೋಗುತ್ತಾರೆ ಎಂಬ ಭಯವಿತ್ತೋ ಏನೋ.

ಶೇಷತ್ತೆ ಮಾತ್ರ ನನ್ನ ವಿದ್ಯೆಗೆ ಅಷ್ಟೇನೂ ಬಗ್ಗಲಿಲ್ಲ. ನನ್ನನ್ನು ‘ಬಿಎಸ್ಸಿ’ ಎಂದೇ ಕರೆಯುತ್ತಿದ್ದರು. “ಬಿಎಸ್ಸಿ, ಒಲೆ ನೋಡು.” “ಬಿಎಸ್ಸಿ, ಬೆಕ್ಕು ಅಟ್ಟ ಹತ್ತಿದೆ.” ಅವರು ಓದಿದ್ದು ಮೂರನೇ ಕ್ಲಾಸು. ಆದರೆ ಅವರಿಗೂ ಬೆಳಕಿನ ಒಂದು ವಿದ್ಯೆ ಬರುತ್ತಿತ್ತು. ಅದರಲ್ಲಿ ಹೊಸನಗರದ ಪೇಟೆಯಲ್ಲೇ ಅವರನ್ನು ಮೀರಿಸುವವರಿರಲಿಲ್ಲ. ಕಾವಿಗೆ ಇಟ್ಟ ಮೊಟ್ಟೆಯಲ್ಲಿ ಮರಿ ಇದೆಯೋ ಇಲ್ಲವೋ ನೋಡಿ ಹೇಳುವ ವಿದ್ಯೆ.

ಹೇಂಟೆ ಕಾವಿಗೆ ಕೂತ ಏಳನೆಯ ದಿನ ಅಕ್ಕಪಕ್ಕದ ಬೀದಿಯ ಹೆಂಗಸರು ಸೆರಗಿನಲ್ಲಿ ಮೊಟ್ಟೆ ಕಟ್ಟಿಕೊಂಡು ಬರುತ್ತಿದ್ದರು. ಅತ್ತೆಯ ಅಡಿಗೆಮನೆಯ ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಅದರಿಂದ ಬಿಸಿಲಿನ ಒಂದು ಕೋಲು ನೇರ ನೆಲಕ್ಕೆ ಇಳಿಯುತ್ತಿತ್ತು. ಅತ್ತೆ ಬಲಗೈ ಮುಷ್ಟಿಯಲ್ಲಿ ಮೊಟ್ಟೆಯನ್ನು ಹಿಡಿದು, ಕೈ ಮೇಲೆತ್ತಿ, ಆ ಬಿಸಿಲಿಗೆ ಒಡ್ಡಿ, ಒಂದು ಕಣ್ಣು ಮುಚ್ಚಿ ನೋಡುವರು. ಒಳಗೆ ಕಪ್ಪು ಚುಕ್ಕಿ, ಸುತ್ತ ಕೆಂಪು ಎಳೆಗಳು ಕಂಡರೆ, “ಜೀವ ಕೂತಿದೆ, ಇಡು.” ಪೂರಾ ತಿಳಿಯಾಗಿ ಬೆಳಗಿದರೆ, “ಗೊಡ್ಡು. ಸಾರಿಗೆ ಹಾಕು.” ತಪ್ಪಿದ್ದೇ ಇಲ್ಲ. ಒಮ್ಮೆ ನಾನು ಪಕ್ಕದಲ್ಲಿ ನಿಂತು ಪಾರದರ್ಶಕ, ಅರೆಪಾರದರ್ಶಕ ಎಂದು ಬಂದವರಿಗೆ ಪಾಠ ಶುರುಮಾಡಿದೆ. “ಹೆಸರಿಟ್ಟಿದ್ದು ಸಾಕು, ಈ ಮೊಟ್ಟೆ ಬೀಳದ ಹಾಗೆ ಹಿಡ್ಕ” ಎಂದರು ಅತ್ತೆ.

ಇದಿಷ್ಟು ಅತ್ತೆಯ ಶಾಸ್ತ್ರ. ಇನ್ನು ಮಾವನ ಶಾಸ್ತ್ರ ಹೇಳಬೇಕು, ಸ್ವಲ್ಪ ನಾಚಿಕೆಯ ವಿಷಯ. ಆದರೆ ಮಾವನೇ ನಾಚಿಕೊಳ್ಳದ ಮೇಲೆ ನಾನು ಯಾರಿಗೆ ನಾಚಬೇಕು?

ಮಾವ ಮಾತೇ ಆಡದ ಮನುಷ್ಯ. ಅವರಿಗೆ ಅಂಡವಾಯು ಇತ್ತು. ವರ್ಷಗಳಿಂದ ಪಂಚೆಯನ್ನು ಒಂದು ವಿಶೇಷ ರೀತಿಯಲ್ಲಿ ಉಟ್ಟು, ಬೆಂಚಿನ ಮೇಲೆ ಒಂದು ವಿಶೇಷ ಕೋನದಲ್ಲಿ ಕೂರುತ್ತಿದ್ದರು. ಅದು ಏನು ಎಂದು ಊರಿಗೆಲ್ಲ ಗೊತ್ತಿತ್ತು, ಏನೂ ಗೊತ್ತಿಲ್ಲವೆಂಬಂತೆ ಊರೆಲ್ಲ ಪಕ್ಕದಲ್ಲಿ ಜಾಗ ಬಿಟ್ಟು ಕೂರುತ್ತಿತ್ತು. ಕೊನೆಗೊಂದು ದಿನ ಡಿಸ್ಪೆನ್ಸರಿಗೆ ಹೋದರು. ಅಲ್ಲಿನ ಡಾಕ್ಟರು ಬಾಗಿಲು ಕಿಟಕಿ ಮುಚ್ಚಿಸಿ, ಊತದ ಹಿಂದೆ ಬ್ಯಾಟ್ರಿ ಹಿಡಿದು ಬೆಳಕು ಬಿಟ್ಟರಂತೆ. ಇಡೀ ಊತ ಕೆಂಪಗೆ ಬೆಳಗಿತಂತೆ. “ಬೆಳಕು ಹಾಯ್ತು ಅಂದ್ರೆ ಒಳಗಿರೋದು ಬರೀ ನೀರು ಗೌಡ್ರೇ, ಹೆದರಿಕೆ ಇಲ್ಲ” ಎಂದು ಹೇಳಿ ಕಳಿಸಿದರಂತೆ.

ಆ ದಿನ ಮಾವನಿಗೆ ಬಾಯಿ ಬಂತು. ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕ್ಷೌರದಂಗಡಿಯಲ್ಲಿ ಹೇಳಿದ್ದೇ ಹೇಳಿದ್ದು. “ಲಾಟೀನು ಕಣ್ರೋ! ಥೇಟ್ ಲಾಟೀನು!”

ಮನೆಗೆ ಬಂದಾಗ ಅತ್ತೆ ಕೇಳಿದರು: “ಊರಿಗೆಲ್ಲ ದೀಪ ತೋರಿಸ್ಕಂಡು ಬಂದ್ರಾ?”

“ನೀರಂತೆ ಕಣೇ. ಬರೀ ನೀರು.”

“ಸರಿ. ಲಿಂಗನಮಕ್ಕಿಯೋರಿಗೆ ಹೇಳಿ, ಕರೆಂಟ್ ತೆಗೀತಾರೆ.”

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದ ಕಾಲ ಅದು. ನಮ್ಮ ಸೀಮೆಯ ನೀರು ರಾಜ್ಯಕ್ಕೆಲ್ಲ ದೀಪ ಹಚ್ಚುತ್ತದೆ ಎಂದು ಭಾಷಣಗಳಾಗುತ್ತಿದ್ದವು. ಅತ್ತೆಯ ಮನೆಗೆ ಮಾತ್ರ ಕರೆಂಟು ಬಂದಿರಲಿಲ್ಲ. ನಮ್ಮ ಪಾಲಿಗೆ ಇದ್ದದ್ದು ಎರಡು ಲಾಟೀನು, ಒಂದು ಮೂರು ಸೆಲ್ಲಿನ ಬ್ಯಾಟ್ರಿ. ಮಾವನ ಲಾಟೀನನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ನಕ್ಕಿರಿ ತಾನೆ? ನಾವೂ ನಕ್ಕಿದ್ದೆವು. ಒಂದು ವಾರ ನಕ್ಕೆವು. ಅಷ್ಟರಲ್ಲಿ ಮನೆಯ ಮೂವರ ತಲೆಯಲ್ಲೂ ಒಂದು ಮಾತು ಸದ್ದಿಲ್ಲದೆ ಬೇರುಬಿಟ್ಟಿತು: ಬೆಳಕು ಹಾಯ್ದರೆ ಹೆದರಿಕೆ ಇಲ್ಲ.

ಒಂದು ಭಾನುವಾರ, ಮಧ್ಯಾಹ್ನದ ಊಟವಾಗಿತ್ತು. ಮಾವ ಪೇಟೆಗೆ ಹೋಗಿದ್ದರು. ಅತ್ತೆ ಉಗ್ರಾಣದ ಬಾಗಿಲಲ್ಲಿ ನಿಂತು ಕರೆದರು: “ಬಿಎಸ್ಸಿ, ಬಾ ಇಲ್ಲಿ. ಬ್ಯಾಟ್ರಿ ತಗಂಡು ಬಾ.”

ಇಲಿ ಬಂದಿರಬೇಕು ಎಂದುಕೊಂಡು ಹೋದೆ. ಅತ್ತೆ ಬಾಗಿಲು ಹಾಕಿ ಅಗುಳಿ ಜಡಿದರು. ಉಗ್ರಾಣಕ್ಕೆ ಕಿಟಕಿ ಇಲ್ಲ. ಹಗಲು ಎರಡು ಗಂಟೆಗೂ ಅಲ್ಲಿ ಕೈಗೆ ಕೈ ಕಾಣದು. ಆ ಕತ್ತಲಲ್ಲಿ ಅವರು ನನ್ನ ಬೆರಳು ಹಿಡಿದು ತಮ್ಮ ಎದೆಯ ಬಲಭಾಗದ ಮೇಲಿಟ್ಟರು. ಚರ್ಮದ ಕೆಳಗೆ ಒಂದು ಗಂಟು. ಹುಣಸೆಬೀಜದಷ್ಟಿತ್ತು, ಅಷ್ಟೇ ಗಟ್ಟಿ.

“ಯಾವಾಗಿಂದ ಅತ್ತೆ?”

“ಎಣ್ಣೆಸ್ನಾನ ಮಾಡ್ವಾಗ ಸಿಕ್ತು. ತಿಂಗಳಾಯ್ತೇನೋ. ನೋವು ಗೀವು ಎಂತದೂ ಇಲ್ಲ.”

“ಡಾಕ್ಟರಿಗೆ ತೋರಿಸಬಾರದಾ?”

“ಆ ಗಂಡಸಿಗೆ? ಈ ಮನೆಯಿಂದ ಒಬ್ಬರು ಹೋಗಿ ತೋರಿಸಿದ್ದು ಸಾಕು ಮಾರಾಯ್ತಿ. ನೀನೇ ಬೆಳಕು ಬಿಟ್ಟು ನೋಡು. ಬಿಎಸ್ಸಿ ಅಲ್ವೇನೇ ನೀನು?”

ಇದಕ್ಕೆ ನಾನು ಹೇಳಬೇಕಾದ ಉತ್ತರ ನಿಮಗೆ ಗೊತ್ತು. ಈಗ ನನಗೂ ಗೊತ್ತು. ಆದರೆ ಇಪ್ಪತ್ತೆರಡರ ಹುಡುಗಿಗೆ, ಮೊಟ್ಟಮೊದಲ ಬಾರಿಗೆ ಶೇಷತ್ತೆಯೇ ತಲೆಬಾಗಿ ವಿದ್ಯೆ ಕೇಳಿದಾಗ, ಎದೆ ಉಬ್ಬದೆ ಇರುತ್ತದೆಯೇ? ಬೆಳಕಿನ ಪಾಠವನ್ನು ಹತ್ತನೇ ಕ್ಲಾಸಿಗೆ ಮಾಡುವವಳು ನಾನು. ಬ್ಯಾಟ್ರಿಯನ್ನು ಕೆಳಗಿನಿಂದ ಒತ್ತಿ ಹಿಡಿದು, ಗುಂಡಿ ಅಮುಕಿದೆ. ಟಕ್.

ಸೆಲ್ಲು ಹಳೆಯದು. ಮಂದವಾದ ಬೆಳಕು. ಆದರೂ ಮೈ ಕೆಂಪಗೆ ಬೆಳಗಿತು, ದಾಸವಾಳದ ಮೊಗ್ಗನ್ನು ದೀಪಕ್ಕೆ ಹಿಡಿದ ಹಾಗೆ. ಆ ಕೆಂಪಿನ ನಡುವೆ ಒಂದು ಕಡೆ ಕಪ್ಪು. ದೊಡ್ಡದೇನಲ್ಲ. ಅಂಚು ಮಸುಕು. ಆದರೆ ಕಪ್ಪು.

ನಾನು ನೋಡಿದೆ. ಸರಿಯಾಗಿಯೇ ನೋಡಿದೆ. ಬೆಳಕು ಅಲ್ಲಿ ಹಾಯಲಿಲ್ಲ, ಅಂದರೆ ಅದು ನೀರಲ್ಲ ಎಂದು ನನ್ನ ತಲೆ ಆ ಕ್ಷಣಕ್ಕೇ ಹೇಳಿತು. ಬಾಯಿ ಹೇಳಿದ್ದು ಬೇರೆ: “ಸೆಲ್ಲು ವೀಕಾಗಿದೆ ಅತ್ತೆ.”

ಅತ್ತೆ ಕತ್ತು ಬಗ್ಗಿಸಿ ನೋಡುತ್ತಿದ್ದರು. “ಕಪ್ಪಿದ್ರೆ ಒಳ್ಳೇದಲ್ವೇನೇ? ಮೊಟ್ಟೇಲಿ ಕಪ್ಪಿದ್ರೆ ಜೀವ.”

“ಮೊಟ್ಟೆ ಬೇರೆ, ಇದು ಬೇರೆ.”

“ಹಾಗಾದ್ರೆ ನಿನ್ನ ಮಾವಂದು?”

ನೋಡಿ, ನಮ್ಮ ಹತ್ತಿರ ಎರಡು ಶಾಸ್ತ್ರಗಳಿದ್ದವು. ಬೆಳಗಿದರೆ ಮಾವನ ಶಾಸ್ತ್ರ ಕ್ಷೇಮ ಎನ್ನುತ್ತದೆ. ಕಪ್ಪಾದರೆ ಕೋಳಿಯ ಶಾಸ್ತ್ರ ಕ್ಷೇಮ ಎನ್ನುತ್ತದೆ. ಹೇಗೆ ಬಿದ್ದರೂ ಕ್ಷೇಮ. ಇಷ್ಟು ಅನುಕೂಲದ ವಿಜ್ಞಾನ ಜಗತ್ತಿನ ಯಾವ ಕಾಲೇಜಿನಲ್ಲೂ ಸಿಗಲಿಕ್ಕಿಲ್ಲ.

ಕೋಳಿಯ ಶಾಸ್ತ್ರಕ್ಕೆ ಒಪ್ಪಲು ನನ್ನ ಡಿಗ್ರಿ ಬಿಡಲಿಲ್ಲ. ಅತ್ತೆಯನ್ನು ಅಲ್ಲೇ ಕೂರಿಸಿ ಪೇಟೆಗೆ ಓಡಿದೆ. ಮೂರು ಹೊಸ ಸೆಲ್ಲು ತಂದೆ. ಹಾಕಿದೆ. ಟಕ್. ಈಗ ಬೆಳಕು ಕಣ್ಣು ಕುಕ್ಕುವ ಹಾಗಿತ್ತು. ಬ್ಯಾಟ್ರಿಯನ್ನು ಮೊದಲಿಗಿಂತ ಸ್ವಲ್ಪ ಪಕ್ಕಕ್ಕೆ ಸರಿಸಿ ಹಿಡಿದೆ. ಬೇಕೆಂದೇ ಸರಿಸಿದೆನೆ? ಅರವತ್ತು ವರ್ಷದಿಂದ ಇದೊಂದು ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತಿದ್ದೇನೆ. ಸರಿಸಿದೆ, ಅಷ್ಟೇ ಗೊತ್ತು. ಇಡೀ ಮೈ ಒಂದೇ ಸಮ ಝಗ್ಗೆಂದು ಬೆಳಗಿತು. ಕಪ್ಪು ಆ ಬೆಳಕಿನಲ್ಲಿ ಮುಳುಗಿಹೋಯಿತು.

“ಏನಿಲ್ಲ ಅತ್ತೆ. ನೀರು. ಬರೀ ನೀರು.”

“ಹಂಗಾದ್ರೆ ನಾನೂ ಲಾಟೀನು” ಎಂದರು ಅತ್ತೆ. ಇಬ್ಬರೂ ಉಗ್ರಾಣದ ಕತ್ತಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಜಾಡಿಯ ಮೇಲಿನ ಮುಚ್ಚಳ ಬಿದ್ದು ಉರುಳಿತು.

ಕಾಲೇಜಿನ ಪ್ರಯೋಗಾಲಯದಲ್ಲಿ ನಮಗೊಂದು ಅಭ್ಯಾಸವಿತ್ತು. ಪುಸ್ತಕದಲ್ಲಿ ಬರಬೇಕಾದ ಉತ್ತರ ಮೊದಲೇ ನೋಡಿಕೊಂಡು, ಅದಕ್ಕೆ ಹೊಂದುವಂತೆ ರೀಡಿಂಗ್ ಬರೆಯುವುದು. ರೀಡಿಂಗ್ ಹೊಂದದಿದ್ದರೆ ತಪ್ಪು ಉಪಕರಣದ್ದು. ಬೇರೆ ಉಪಕರಣ ತೆಗೆದುಕೊಳ್ಳುವುದು. ಮೇಡಂ ಆದ ಮೇಲೆ ನನ್ನ ವಿದ್ಯಾರ್ಥಿನಿಯರು ಹಾಗೆ ಮಾಡಿದರೆ ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಹಾಕುತ್ತಿದ್ದೆ. ಉಗ್ರಾಣದಲ್ಲಿ ನಾನು ಮಾಡಿದ್ದೂ ಅದೇ ತಾನೆ? ಉತ್ತರ ಮೊದಲೇ ಗೊತ್ತಿತ್ತು. ಅದು ಬರುವ ತನಕ ಸೆಲ್ಲು ಬದಲಿಸಿದೆ. ಅಲ್ಲಿ ಸೊನ್ನೆ ಹಾಕುವವರು ಯಾರೂ ಇರಲಿಲ್ಲ.

ಮೂರು ತಿಂಗಳು ಕಳೆಯಿತು. ಅತ್ತೆ ಮೊಟ್ಟೆ ನೋಡಿದರು, ಮಾವನನ್ನು ಹಂಗಿಸಿದರು, ನನಗೆ ಬಂದ ಎರಡು ಗಂಡುಗಳನ್ನು ‘ಒಂದಕ್ಕೆ ಕತ್ತಿಲ್ಲ, ಇನ್ನೊಂದಕ್ಕೆ ಕತ್ತೇ ಇರೋದು’ ಎಂದು ವಾಪಸು ಕಳಿಸಿದರು. ನಾನು ಆ ಕಪ್ಪನ್ನು ಮರೆತಿದ್ದೆ ಎಂದರೆ ಸುಳ್ಳು. ಮರೆತ ಹಾಗಿದ್ದೆ. ಅತ್ತೆ ಬಚ್ಚಲಿಗೆ ಹೋದ ದಿನ ಮಾತ್ರ, ಬರುವ ತನಕ ನನಗೆ ಯಾವ ಪುಸ್ತಕವೂ ಓದಲಾಗುತ್ತಿರಲಿಲ್ಲ.

ನನ್ನ ಮೇಲೆ ಬಾಂಬು ಹಾಕಿದವರು ನಮ್ಮ ಶಾಲೆಯ ಕನ್ನಡ ಪಂಡಿತರು. ಎಲ್ಲರ ಕಾಲೆಳೆಯುವ, ಮೂಗಿನ ತುಂಬ ನಸ್ಯದ ಮನುಷ್ಯ. ವಿಜ್ಞಾನವೆಂದರೆ ಅವರಿಗೆ ಒಂದು ದೊಡ್ಡ ತಮಾಷೆ. ಅವತ್ತು ನಾನು ಬೆಳಕಿನ ಪಾಠಕ್ಕೆ ತಯಾರಿಯಾಗಿ ಮನೆಯ ಬ್ಯಾಟ್ರಿಯನ್ನು ಶಾಲೆಗೆ ತಂದಿದ್ದೆ. ಟೀಚರುಗಳ ಕೋಣೆಯ ಮೂಲೆಯ ಬೀರುವಿನ ಸಂದಿಯಲ್ಲಿ ಕೈಯಿಟ್ಟು, ಬೆರಳ ಹಿಂದೆ ಬೆಳಕು ಬಿಟ್ಟು ನೋಡುತ್ತಿದ್ದೆ. ಬೆರಳು ಕೆಂಡದಂತೆ ಬೆಳಗುತ್ತಿತ್ತು.

ಪಂಡಿತರು ಹಿಂದಿನಿಂದ ಇಣುಕಿದರು. “ಏನು ಮೇಡಂ, ಬೆರಳು ಸುಡ್ತಾ ಇದೀರಿ?”

“ಬೆಳಕು ಮಾಂಸದೊಳಗೆ ತೂರಿ ಬರೋದನ್ನ ಮಕ್ಕಳಿಗೆ ತೋರಿಸ್ತೀನಿ ಸರ್.”

“ತೂರಿ ಬರ್ತದಾ? ಪೂರಾ?”

“ಪೂರಾ.”

ಅವರು ಒಂದು ಚಿಟಿಕೆ ನಸ್ಯ ಏರಿಸಿ ನನ್ನ ಬೆರಳನ್ನೇ ನೋಡಿದರು. “ಹಾಗಾದ್ರೆ ಒಳಗಿನ ಮೂಳೆ ಎಲ್ಲಿ ಹೋಯ್ತು ಮೇಡಂ? ಸೈನ್ಸ್ ಓದಿದೋರಿಗೆ ಮೂಳೆ ಇರೋದಿಲ್ವಾ?”

ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನು ಬೆರಳು ನೋಡಿದೆ. ಉಗುರಿನಿಂದ ಬುಡದವರೆಗೆ ಒಂದೇ ಸಮನಾದ ಕೆಂಪು. ಒಳಗೆ ಮೂಳೆಯಿದೆ. ಕಲ್ಲಿನಂಥ ಮೂಳೆ. ಅದರ ನೆರಳೂ ಇಲ್ಲ. ಬೆಳಕು ಮಾಂಸದೊಳಗೆ ನೇರ ನಡೆಯುವುದಿಲ್ಲ. ಹಾಲಿನ ಲೋಟದಲ್ಲಿ ಹೇಗೋ ಹಾಗೆ ಚೆದರಿ, ಸುತ್ತಿ ಬಳಸಿ ಹೊರಬರುತ್ತದೆ. ಬೆಳಕು ಜೋರಾದಷ್ಟೂ ನೋಡುವ ಕಣ್ಣು ಕುಕ್ಕುತ್ತದೆ, ಒಳಗಿನದು ಅಡಗುತ್ತದೆ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ.

ಇಡೀ ಒಂದು ಮೂಳೆ ಅಡಗಿ ಕೂರಬಹುದಾದ ಬೆಳಕಿನಲ್ಲಿ ಒಂದು ಹುಣಸೆಬೀಜ ಕಾಣಲಿಲ್ಲವೆಂದು ನಾನು ಕ್ಷೇಮಪತ್ರ ಬರೆದುಕೊಟ್ಟಿದ್ದೆ.

ಪಂಡಿತರು ಇನ್ನೂ ನಗುತ್ತಿದ್ದರು. ನಾನು ರಜೆ ಬರೆಯಲಿಲ್ಲ, ಹೇಳಲಿಲ್ಲ. ಕೈಯಲ್ಲಿ ಬ್ಯಾಟ್ರಿ ಹಿಡಿದು, ಉರಿಯುತ್ತಿದ್ದುದನ್ನು ಆರಿಸುವುದೂ ತೋಚದೆ, ಹಟ್ಟಹಗಲು ಹನ್ನೊಂದು ಗಂಟೆಗೆ ಹೊಸನಗರದ ಪೇಟೆಯ ನಡುವೆ ಓಡಿದೆ. ಹೋಟೆಲಿನ ಮುಂದೆ ಕೂತಿದ್ದ ಮಾವ, “ಕತ್ತಲಾಯ್ತಾ ಮಗಾ?” ಎಂದು ಕೂಗಿದ್ದು ಕೇಳಿಸಿತು.

ಅತ್ತೆ ಹಿತ್ತಲಲ್ಲಿ ಮರಿಗಳಿಗೆ ನುಚ್ಚು ಹಾಕುತ್ತಿದ್ದರು. ಕೈಹಿಡಿದು ಒಳಗೆ ಎಳೆದುಕೊಂಡು ಹೋದೆ. ಈ ಸಲ ಉಗ್ರಾಣಕ್ಕಲ್ಲ, ನಡುಮನೆಯ ಕಿಟಕಿಯ ಬಳಿಗೆ. ಕೈಯಿಂದ ಮುಟ್ಟಿ ನೋಡಿದೆ. ಹುಣಸೆಬೀಜ ಹಲಸಿನ ಬೀಜವಾಗಿತ್ತು. ಅದರ ಮೇಲಿನ ಚರ್ಮ ಒಳಗಿನಿಂದ ಯಾರೋ ದಾರ ಕಟ್ಟಿ ಎಳೆದ ಹಾಗೆ ಗುಳಿಬಿದ್ದಿತ್ತು.

“ಅತ್ತೆ, ನಾನು ಅವತ್ತು ಮೊದಲ ಸಲ ಕಪ್ಪು ನೋಡಿದ್ದೆ. ಅದು ಸೆಲ್ಲಿನ ತಪ್ಪಲ್ಲ. ನಾನು ಸುಳ್ಳು ಹೇಳಿದೆ.” ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಒತ್ತಿ ಬಂದಿತ್ತು.

ಅತ್ತೆ ಸೆರಗು ಸರಿಮಾಡಿಕೊಂಡರು. ಅಂಗೈಗೆ ಅಂಟಿದ್ದ ನುಚ್ಚನ್ನು ಒಂದೊಂದೇ ಕಾಳು ಬಿಡಿಸಿ ಕಿಟಕಿಯಿಂದ ಹೊರಗೆ ಹಾಕಿದರು. ಆಮೇಲೆ ಹೇಳಿದರು: “ನಾನೂ ನೋಡಿದ್ನಲ್ಲೇ. ಕಣ್ಣು ನಿಂಗೊಬ್ಬಳಿಗೇ ಇತ್ತೇನು?”

“ಮತ್ತೆ ಜೀವ ಅಂದ್ರಿ?”

“ಅನ್ನದೆ? ನೀನು ಹೊಸ ಸೆಲ್ಲು ತರಕ್ಕೆ ಓಡಿದ್ಯಲ್ಲ, ಆಗ ಕತ್ತಲಲ್ಲಿ ಒಬ್ಬಳೇ ಕೂತಿದ್ನಲ್ಲ, ಆಗ್ಲೇ ನಂಗೆ ಗೊತ್ತಾಯ್ತು. ನೀನು ಬಂದು ನೀರು ಅಂದೆ. ಬಿಎಸ್ಸಿ ಹೇಳಿದ ಮೇಲೆ ನಂದೇನು ಅಂತ ಸುಮ್ಮನಾದೆ. ಸುಮ್ಮನಾಗಕ್ಕೆ ಒಂದು ನೆವ ಬೇಕಿತ್ತು ಕಣೇ.”

ಮರುದಿನ ಮೊದಲ ಬಸ್ಸಿಗೆ ತೀರ್ಥಹಳ್ಳಿಗೆ ಹೋದೆವು. ಅಲ್ಲಿ ಒಬ್ಬ ಲೇಡಿ ಡಾಕ್ಟರಿದ್ದರು. ಎತ್ತರದ ಸಪೂರ ಹೆಂಗಸು, ಕೈ ಮಾತ್ರ ಗಂಡಸಿನಷ್ಟು ದೊಡ್ಡದು. ದೊಡ್ಡ ಕಿಟಕಿಯ ಎದುರು ಕೂರಿಸಿ, ಬೆರಳ ತುದಿಯಿಂದ ಇಂಚಿಂಚೂ ತಡವಿ ನೋಡಿದರು. ಕಂಕುಳಲ್ಲಿ ಹೆಚ್ಚು ಹೊತ್ತು ನೋಡಿದರು. ನಾನು ಬ್ಯಾಟ್ರಿಯ ಕಥೆಯನ್ನು ಹೇಳಿದೆ, ಅರ್ಧ. ಸೆಲ್ಲು ಬದಲಿಸಿದ್ದನ್ನು ಹೇಳಲು ಬಾಯಿ ಬರಲಿಲ್ಲ.

ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. “ಬೆಳಕು ಬಿಟ್ಟು ನೋಡೋದನ್ನ ನಾನೂ ಪುಸ್ತಕದಲ್ಲಿ ಓದಿದೀನಿ. ಕೆಟ್ಟ ಉಪಾಯ ಅಲ್ಲ. ಆದ್ರೆ ಒಂದು ತಿಳ್ಕೊಳ್ಳಿ. ಬೆಳಕು ‘ಇಲ್ಲೇನೋ ಇದೆ’ ಅಂದ್ರೆ ಕಿವಿಗೊಡಿ. ‘ಏನೂ ಇಲ್ಲ’ ಅಂದ್ರೆ ನಂಬಬೇಡಿ. ಅದು ಕೈಯಿಗೆ ಜೊತೆ, ಕೈಯಿಗೆ ಬದಲಲ್ಲ.”

“ನನ್ನ ಗಂಡನಿಗೆ ಡಿಸ್ಪೆನ್ಸರಿ ಡಾಕ್ಟ್ರು ನಂಬ್ಕಳಿ ಅಂದಿದ್ರಲ್ಲ ಡಾಕ್ಟರಮ್ಮ?” ಎಂದರು ಅತ್ತೆ. ಯಾವ ಗಂಡ, ಯಾವ ಬೆಳಕು ಎಂದು ಅವರು ಕೇಳಿದರು. ಅತ್ತೆ ವಿವರಿಸಿದರು, ಲಾಟೀನಿನ ಸಮೇತ. ಡಾಕ್ಟರಮ್ಮ ಕಿಟಕಿಯ ಕಡೆ ತಿರುಗಿಕೊಂಡರು. ಅವರ ಭುಜ ಕುಣಿಯುತ್ತಿತ್ತು. “ಅದು ನೀರಿನ ಚೀಲ ಕಣಮ್ಮ. ನಿಮ್ಮದು ಹಾಗಲ್ಲ” ಎಂದು ತಿರುಗಿದಾಗ ಮುಖದಲ್ಲಿ ನಗು ಇರಲಿಲ್ಲ. ಅಲ್ಲೇ ಚೀಟಿ ಬರೆದರು.

ನಾಲ್ಕು ದಿನದಲ್ಲಿ ಆಗುಂಬೆ ಘಾಟಿ ಇಳಿದು ಮಂಗಳೂರು ಸೇರಿದೆವು. ಮಾವ ಘಾಟಿಯ ಒಂದೊಂದು ತಿರುವಿಗೂ ಒಂದೊಂದು ದೇವರಿಗೆ ಹರಕೆ ಹೊತ್ತರು. “ಅಷ್ಟೂ ತೀರಿಸ್ಬೇಕು ಅಂದ್ರೆ ನಾನು ನೂರು ವರ್ಷ ಬದುಕ್ಬೇಕಾಗ್ತದೆ, ನಿಲ್ಲಿಸಿ” ಎಂದರು ಅತ್ತೆ. ಆಪರೇಷನ್ನಿನಲ್ಲಿ ಎದೆಯ ಬಲಭಾಗವನ್ನೂ ಕಂಕುಳ ಗಂಟುಗಳನ್ನೂ ತೆಗೆದರು. ಮೊದಲೇ ಬಂದಿದ್ದರೆ ಕಂಕುಳಿಗೆ ಇಳಿದಿರುತ್ತಿರಲಿಲ್ಲವೋ ಏನೋ ಎಂದು ಅಲ್ಲಿನ ದೊಡ್ಡ ಡಾಕ್ಟರು ಹೇಳಿದರು. ‘ಏನೋ’ ಎಂಬ ಆ ಎರಡಕ್ಷರದ ಮೇಲೆ ನಾನು ಇಷ್ಟು ವರ್ಷ ಮಲಗಿದ್ದೇನೆ, ಮುಳ್ಳಿನ ಮೇಲೆ ಮಲಗಿದ ಹಾಗೆ.

ಅತ್ತೆ ಉಳಿದರು. ಮತ್ತೆ ಇಪ್ಪತ್ತೆರಡು ವರ್ಷ ಇದ್ದರು. ಆದರೆ ಬಲಗೈ ಊದಿಕೊಂಡೇ ಉಳಿಯಿತು. ಭುಜದಿಂದ ಮೇಲೆ ಏಳಲಿಲ್ಲ. ಗಾಜಿನ ಹೆಂಚಿನ ಬಿಸಿಲಿಗೆ ಮೊಟ್ಟೆ ಹಿಡಿಯಲು ಎಡಗೈಗೆ ಕಲಿಸಿದರು. ಎಡಗೈಯಲ್ಲಿ ಆಗಾಗ ತಪ್ಪುತ್ತಿತ್ತು. ಜನ ಬರುವುದು ನಿಧಾನಕ್ಕೆ ಕಡಿಮೆಯಾಯಿತು.

ಊರಿಗೆ ವಾಪಸಾದ ಮೇಲೆ ಬ್ರೆಡ್ಡು, ಮೋಸಂಬಿ ಹಿಡಿದು ನೋಡಲು ಬಂದವರಿಗೆಲ್ಲ ಅತ್ತೆ ಹೇಳಿದ್ದು ಒಂದೇ ಕಥೆ: “ನಮ್ಮ ಬಿಎಸ್ಸಿ ಬ್ಯಾಟ್ರಿ ಬಿಟ್ಟು ನೋಡಿ ಹಿಡಿದ್ಲು. ಅವಳಿಲ್ದೇ ಇದ್ರೆ ನಾನೆಲ್ಲಿ ಇರ್ತಿದ್ದೆ!” ನಾನು ಗೋಡೆಗೆ ಒರಗಿ ನಿಂತು ಕೇಳುತ್ತಿದ್ದೆ. ಬಂದವರು ನನ್ನನ್ನು ಮೊದಲಿಗಿಂತ ಬೆರಗಿನಿಂದ ನೋಡುತ್ತಿದ್ದರು. ಎರಡು ತಲೆಯ ಕರುವಿಗೆ ಮೂರನೆಯ ತಲೆ ಬಂದಿತ್ತು.

ಎಲ್ಲರೂ ಹೋದ ಮೇಲೆ ಕೇಳಿದೆ. “ಯಾಕತ್ತೆ ಹಾಗೆ ಹೇಳ್ತೀರಿ?”

“ನಿಂಗೆ ಗಂಡು ನೋಡ್ತಾ ಇದಾರೆ. ‘ಅತ್ತೇನ ಕೊಲ್ಲಕ್ಕೆ ಹೊರಟಿದ್ಲು’ ಅಂದ್ರೆ ಯಾವನು ಮಾಡ್ಕಂತಾನೆ? ಇವತ್ತೇ ಹೇಳಿದೀನಿ, ಬಾಯಿ ಮುಚ್ಕಂಡಿರು.”

ಬಾಯಿ ಮುಚ್ಚಿಕೊಂಡಿದ್ದೆ. ಗಂಡು ಸಿಕ್ಕಿತು, ಸಂಸಾರವಾಯಿತು, ಹೊಸನಗರದಿಂದ ಸಾಗರಕ್ಕೆ ವರ್ಗವಾಯಿತು. ಅತ್ತೆ ಹೋದರು. ಕಥೆ ಹೋಗಲಿಲ್ಲ. ಮನೆತನದಲ್ಲಿ ಯಾವ ಮದುವೆಯಾಗಲಿ, ಮುಂಜಾನೆ ತಿಂಡಿಗೆ ಕೂತಲ್ಲಿ ಯಾರಾದರೊಬ್ಬರು ಅದನ್ನು ಎತ್ತುತ್ತಿದ್ದರು. ಮೊದಮೊದಲು ನನಗೆ ಇಡ್ಲಿ ಗಂಟಲಲ್ಲಿ ಸಿಕ್ಕುತ್ತಿತ್ತು. ಆಮೇಲಾಮೇಲೆ ಇಳಿಯತೊಡಗಿತು. ಕೊನೆಕೊನೆಗೆ, ನಿಮ್ಮಲ್ಲಿ ಯಾಕೆ ಮುಚ್ಚಿಡಲಿ, ಯಾರೂ ಎತ್ತದಿದ್ದರೆ ಇವತ್ತೇಕೆ ಮರೆತರು ಎಂದು ಅನ್ನಿಸುವಷ್ಟಾಯಿತು.

“ಆಯ್ತು ಅಜ್ಜಿ” ಎಂದಳು ಯಂತ್ರದ ಹುಡುಗಿ. ದೀಪ ಹಾಕಿದಳು. “ಏನೂ ಕಾಣ್ತಿಲ್ಲ. ಹಾಗಂತ ಮನೆಗೆ ಹೋಗ್ಬೇಡಿ. ಪಕ್ಕದ ರೂಮಲ್ಲಿ ಡಾಕ್ಟರ್ ಕೈಯಲ್ಲಿ ನೋಡ್ತಾರೆ. ಬೇಕು ಅಂದ್ರೆ ಎಕ್ಸ್‌ರೇಗೆ ಬರೀತಾರೆ. ಇದೊಂದನ್ನೇ ನಂಬ್ಕೋಬಾರ್ದು.” ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು ಅವಳಿಗೆ. ಇದನ್ನು ಅವಳಿಗೆ ಯಾರು ಕಲಿಸಿದರೋ, ಅವರ ಹೊಟ್ಟೆ ತಣ್ಣಗಿರಲಿ.

ಪರದೆ ಸರಿಸಿ ಹೊರಬಂದೆ. ಹೆಸರು ಕೂಗಲು ಹುಡುಗಿಯೂ ನನ್ನ ಹಿಂದೆಯೇ ಬಂದಳು. ಸುಧಾ ಎದ್ದು ನಿಂತು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಅವಳಿಗೆ ಹೇಳಿದಳು: “ಇವರು ಯಾರು ಗೊತ್ತಾ ನಿಮಗೆ? ನಿಮ್ಮ ಯಂತ್ರ ಬರೋಕೆ ಮುಂಚೆನೇ, ಬರೀ ಬ್ಯಾಟ್ರಿಲಿ ನಮ್ಮಜ್ಜಿ ಕ್ಯಾನ್ಸರ್ ಕಂಡುಹಿಡಿದೋರು!”

ಸಾಲಿನ ವಧುಗಳೆಲ್ಲ ಗಣಪತಿಯನ್ನು ಬಿಟ್ಟು ನನ್ನನ್ನು ನೋಡಿದರು. ಅರವತ್ತು ವರ್ಷದಿಂದ ನುಂಗುತ್ತಾ ಬಂದದ್ದು ನಿನ್ನೆ ಯಾಕೋ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

“ಇಲ್ಲ ಸುಧಾ. ನಾನು ಕಂಡುಹಿಡೀಲಿಲ್ಲ” ಎಂದೆ. “ಕಪ್ಪು ಕಾಣ್ತು. ಅದು ಹೋಗೋ ತನಕ ಸೆಲ್ಲು ಬದಲಾಯಿಸಿ ನೋಡಿದೆ. ಏನಿಲ್ಲ ಅಂತ ಹೇಳಿ ನಿಮ್ಮಜ್ಜೀನ ಮೂರು ತಿಂಗಳು ಮನೇಲಿ ಕೂರಿಸಿದೆ. ಅವರ ಕೈ ಹೋಗಿದ್ದು ನನ್ನಿಂದ.”

ನಾನು ಬೈಗುಳಕ್ಕೆ ಕಾದೆ. ಸುಧಾ ಬಾಯಿ ಜೋರಿನವಳು ಎಂದೆನಲ್ಲ. ಆದರೆ ಅವಳ ಮುಖ ಬೆಳ್ಳಗಾಗಿತ್ತು. ನನ್ನ ತೋಳು ಹಿಡಿದು ಗೋಡೆಯ ಪಕ್ಕಕ್ಕೆ ಕರೆದುಕೊಂಡು ಹೋಗಿ, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದಳು.

“ಟೀಚರತ್ತೆ, ನಾನು ಹೋದ ತಿಂಗಳು ಬಾತ್‌ರೂಮಲ್ಲಿ ಲೈಟ್ ಆರಿಸಿ, ಫೋನಿನ ಬೆಳಕು ಹಿಡಿದು ನೋಡ್ಕಂಡೆ. ಅಜ್ಜಿ ಕಥೆ ನೆನಪಿತ್ತಲ್ಲ. ಪೂರಾ ಕೆಂಪಗೆ ಕಾಣ್ತು. ಏನೂ ಇರಲಿಲ್ಲ.”

“ಯಾಕೆ ನೋಡ್ಕಂಡೆ?”

ಅವಳ ಕೈ ತಾನಾಗಿಯೇ ಎಡ ಕಂಕುಳ ಹತ್ತಿರ ಹೋಗಿ ನಿಂತಿತು.

ನಾನು ಮುಟ್ಟಿ ನೋಡಲಿಲ್ಲ. ಎಷ್ಟು ದೊಡ್ಡದು ಎಂದು ಕೇಳಲಿಲ್ಲ. ವರನ ಕೋಣೆಯ ಬಾಗಿಲು ತಟ್ಟಿ, ನನ್ನ ಸರದಿಯನ್ನು ಅವಳಿಗೆ ಕೊಟ್ಟು ಒಳಗೆ ಕಳಿಸಿದೆ. ನಾನೂ ಬರುತ್ತೇನೆ ಎಂದು ಹೊಸ್ತಿಲ ಮೇಲೆ ಕಾಲಿಟ್ಟೆ. ಡಾಕ್ಟರಮ್ಮ “ನೀವು ಹೊರಗಿರಿ ಅಜ್ಜಿ” ಎಂದರು. ಬಾಗಿಲು ಮುಚ್ಚಿತು.

ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು ನನ್ನ ಕಡೆ ಬಾಗಿ ಕೇಳಿದಳು: “ಒಳಗೆ ಹೋದೋರಿಗೆ ಎಂತ ಆಗಿದೆಯಂತೆ? ನಿಮಗೆ ಗೊತ್ತಿರ್ಬೇಕಲ್ಲ, ಟೀಚರ್ ಅಂತಿದ್ರು.”

“ಗೊತ್ತಿಲ್ಲ” ಎಂದೆ.

ಬಾಗಿಲು ತೆರೆಯುವ ತನಕ ಅಲ್ಲೇ ಕೂತಿದ್ದೆ.